ಸಮಾರಿಯಾ ಕಮರಿಗೆ ಹೊರಡುವ ಮುಂಚೆ ಕಾಲುಗುರು ಕತ್ತರಿಸಿಕೊಳ್ಳಿ

ಗ್ರೀಸ್‌ನ ಕ್ರೀಟ್ ದ್ವೀಪದ ಸಮಾರಿಯಾ ಕಮರಿ ಅಂದ ಕೂಡಲೇ "ಪೂರ್ತಿ ಇಳಿಜಾರು, ಯಾರು ಬೇಕಾದರೂ ನಡೆಯಬಹುದು" ಅನ್ನುವವರು ತುಂಬಾ ಜನ. ದಯವಿಟ್ಟು ನಂಬಬೇಡಿ. ಬೆಟ್ಟ ಹತ್ತುವಾಗ ಸುಸ್ತಾದರೆ ಅಲ್ಲಿಂದಲೇ ವಾಪಸ್ ಇಳಿಯಬಹುದು. ಇಲ್ಲಿ ಕಾಲು ಸೋತಿದ್ದು ಗೊತ್ತಾಗುವಷ್ಟರಲ್ಲಿ ಕಮರಿಯ ನಡುವೆ ಇರುತ್ತೀರಿ, ಹಿಂದಿರುಗಬೇಕೆಂದರೆ ಕಡಿದಾದ ಏರು.

ನಡಿಗೆ ಶುರುವಾಗುವ, ಓಮಾಲೋಸ್ ಬಯಲಿನ ಅಂಚಿನ ಕ್ಸಿಲೋಸ್ಕಾಲೋ ಸುಮಾರು 1,230 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಲಿಬಿಯನ್ ಸಮುದ್ರದ ದಡದ ಅಯಿಯಾ ರೂಮೆಲಿ ಹಳ್ಳಿಗೆ 16 ಕಿ.ಮೀ., ಐದರಿಂದ ಏಳು ತಾಸು. ತೀರಾ ಕಡಿದಾದ ಇಳಿತ ಮೊದಲ ಮೂರು ಕಿ.ಮೀ.ನಲ್ಲೇ ಇದೆ. ಲಕ್ಷಾಂತರ ಜನ ತುಳಿದು ನುಣುಪಾದ ಕಲ್ಲುಗಳು ಬೇರೆ. ಪ್ರತಿ ಹೆಜ್ಜೆಗೂ ಪಾದ ಶೂ ಒಳಗೇ ಮುಂದಕ್ಕೆ ಜಾರಿ ಹೆಬ್ಬೆರಳು ತುದಿಗೆ ಗುದ್ದುತ್ತದೆ. ಉಗುರಿನಡಿ ರಕ್ತ ಹೆಪ್ಪುಗಟ್ಟಿ ಕಪ್ಪಾಗುವುದು ಹೀಗೇ. ಎರಡು ದಿನ ಮೊದಲೇ ಉಗುರು ಕತ್ತರಿಸಿ. ಲೇಸನ್ನು ಬೆರಳ ಕಡೆ ಸಡಿಲ ಬಿಟ್ಟು, ಕಣಕಾಲಿನ ಹತ್ತಿರ ಬಿಗಿಯಾಗಿ ಎಳೆದು ಕಟ್ಟಿ. ಹಿಮ್ಮಡಿ ಅಲ್ಲಾಡಬಾರದು. ಊರುಗೋಲಿದ್ದರೆ ಸ್ವಲ್ಪ ಉದ್ದ ಮಾಡಿಕೊಳ್ಳಿ.

ನೀರಿನ ಚಿಂತೆ ಬೇಡ. ದಾರಿಯಲ್ಲಿ ಊಟೆಗಳಿವೆ, ಒಂದು ಲೀಟರ್ ಬಾಟಲಿ ತುಂಬಿಸಿಕೊಳ್ಳುತ್ತಾ ಹೋದರೆ ಸಾಕು. ಊಟ ಮಾತ್ರ ಕಟ್ಟಿಕೊಂಡೇ ಹೋಗಿ. ಅರ್ಧ ದಾರಿಯಲ್ಲಿ ಸಮಾರಿಯಾ ಎಂಬ ಹಳ್ಳಿ ಸಿಗುತ್ತದೆ. 1962ರಲ್ಲಿ ಇದು ರಾಷ್ಟ್ರೀಯ ಉದ್ಯಾನವಾದಾಗ ಅಲ್ಲಿನವರು ಮನೆ ಬಿಟ್ಟು ಹೋಗಬೇಕಾಯಿತು. ಈಗ ಆ ಕಲ್ಲುಮನೆಗಳ ನಡುವೆ ಕ್ರಿ-ಕ್ರಿ ಎಂಬ ಕಾಡುಮೇಕೆಗಳು ಓಡಾಡುತ್ತವೆ. ಅವಕ್ಕೆ ತಿಂಡಿ ಹಾಕಬೇಡಿ.

ಮುಂದೆ ಸಿದಿರೋಪೋರ್ತೆಸ್. ಬಂಡೆಗೋಡೆಗಳ ನಡುವಿನ ದಾರಿ ಅಲ್ಲಿ ನಾಲ್ಕು ಮೀಟರಿಗಿಂತ ಕಿರಿದು. ಎಲ್ಲರೂ ಫೋಟೋಗೆ ನಿಲ್ಲುವುದು ಅಲ್ಲೇ, ಕಲ್ಲು ಬೀಳುವ ಭಯವಿರುವುದೂ ಇಂಥ ಕಡೆಯೇ. ನೋಡಿ, ದಾಟಿಬಿಡಿ. ಮಳೆ ಬಂದರೆ ಕಮರಿಯನ್ನು ಮುಚ್ಚುವುದೂ ಇದಕ್ಕೇ. ಸಾಮಾನ್ಯವಾಗಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಟಿಕೆಟ್ ಜೋಪಾನ, ಹೊರಗೆ ಹೋಗುವಾಗಲೂ ಕೇಳುತ್ತಾರೆ. ಯಾರೂ ಒಳಗೆ ಉಳಿದಿಲ್ಲ ಎಂದು ಲೆಕ್ಕ ಹಾಕುವುದು ಅದರಿಂದಲೇ.

ಉದ್ಯಾನದಿಂದ ಹೊರಬೀಳುವ ಗೇಟಿನಾಚೆ ಸಮುದ್ರಕ್ಕೆ ಇನ್ನೂ ಸುಮಾರು ಮೂರು ಕಿ.ಮೀ. ನೆರಳು ಕಡಿಮೆ, ಮಧ್ಯಾಹ್ನದ ಬಿಸಿಲು. ಅಯಿಯಾ ರೂಮೆಲಿಗೆ ರಸ್ತೆಯೇ ಇಲ್ಲ. ದೋಣಿಯಲ್ಲಿ ಸೂಯಿಯಾಗೋ ಹೋರಾ ಸ್ಫಾಕಿಯಾಗೋ ಹೋಗಿ, ಅಲ್ಲಿಂದ ಹಾನಿಯಾ ಪಟ್ಟಣದ ಬಸ್ ಹಿಡಿಯಬೇಕು. ಹಾಗಾಗಿ ಬೆಳಿಗ್ಗೆ ಹಾನಿಯಾದಿಂದ ಮೊದಲ ಬಸ್ಸಿಗೇ ಹೊರಡಿ. ಸಂಜೆಯ ದೋಣಿಗೆ ಓಡುವ ಆತುರದಲ್ಲೇ ಕಣಕಾಲು ಉಳುಕುವುದು. ನನ್ನ ಕೇಳಿದರೆ, ಆ ರಾತ್ರಿ ಅಯಿಯಾ ರೂಮೆಲಿಯಲ್ಲೇ ಉಳಿಯಿರಿ. ಮಂಡಿನೋವಿರುವವರು ದೋಣಿಯಲ್ಲಿ ಅಲ್ಲಿಗೆ ಬಂದು, ಕೆಳಗಿನಿಂದ ಸಿದಿರೋಪೋರ್ತೆಸ್ ತನಕ ನಡೆದು ವಾಪಸಾದರೂ ಕಮರಿಯ ಅತ್ಯಂತ ಸುಂದರ ಭಾಗವನ್ನು ನೋಡಿದ ಹಾಗೇ.