ಹತುವ ಸಳ

ತಪ್ಪು ಟೈಪ್ ಮಾಡಿಲ್ಲ. ನಿನ್ನೆ ಅಮ್ಮನ ಫೋನಿನಲ್ಲಿ ಹೀಗೇ ಇತ್ತು. ‘ಹತ್ತುವ ಸ್ಥಳ’ ಅಂತ ಇರಬೇಕಾದಲ್ಲಿ ಒತ್ತಕ್ಷರಗಳ ಕಾಲೆಲ್ಲ ಕತ್ತರಿಸಿ ಹೋಗಿ ‘ಹತುವ ಸಳ’ ಉಳಿದಿತ್ತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಪೆಟ್ಟಿಗೆ ಮಾಡಿಟ್ಟು, ಆಮೇಲೆ ಅದರೊಳಗೆ ಕನ್ನಡ ತುರುಕಿದರೆ ಹೀಗೇ ಆಗುವುದು. ಪೆಟ್ಟಿಗೆಯನ್ನು ಇನ್ನೊಂದು ಚೂರು ಎತ್ತರ ಮಾಡಿದ್ದರೆ ಸಾಕಿತ್ತು. 12 ವರ್ಷದಿಂದ ನಾನು ಇದೇ ಡಿಸೈನ್ ಕೆಲಸ ಮಾಡಿ ಅನ್ನ ತಿನ್ನುತ್ತಿರುವವಳು, ಹಾಗಾಗಿ ಗೊತ್ತು. ಹಾಗಾಗಿಯೇ ಸಿಟ್ಟೂ ಜಾಸ್ತಿ.

ಬಸ್ ಟಿಕೆಟ್ ಮಾಡುವ ಒಂದು ಆ್ಯಪ್. ಯಾವುದು ಅಂತ ಕೇಳಬೇಡಿ, ಹೇಳಲ್ಲ. ಇತ್ತೀಚೆಗೆ ಹೊಸ ವೇಷ ಹಾಕಿಕೊಂಡಿದೆ. ತೆರೆದ ತಕ್ಷಣ ‘ನಿಮ್ಮ ಅಗತ್ಯಕ್ಕೆ ತಕ್ಕಂತೆ ಬದಲಾಗಿದ್ದೇವೆ’ ಅನ್ನುತ್ತೆ, ಬಣ್ಣದ ಕಾಗದ ಎರಚುತ್ತೆ. ಅಮ್ಮನಿಗೆ 67. ಸಾಗರದಿಂದ ಬೆಂಗಳೂರಿಗೆ ಬರಬೇಕು. ಅಷ್ಟೇ ಅವಳ ಅಗತ್ಯ.

ಹತ್ತುವ ಸ್ಥಳದ ಪಟ್ಟಿಯಲ್ಲಿ ಮೂರು ಸಾಲು. ಮೂರರಲ್ಲೂ ‘ಸಾಗರ, ಬಸ್ ನಿಲ…’ ಅಂತಿದೆ. ಮುಂದೆ ಬರೀ ಚುಕ್ಕಿ. ನಿಲ್ದಾಣದ ಎದುರೋ, ಹಿಂದೋ, ಒಂದು ಕಿಲೋಮೀಟರ್ ಆಚೆಯೋ, ಆ ಚುಕ್ಕಿಗಳನ್ನೇ ಕೇಳಬೇಕು. ಅದೇ ಪರದೆಯ ಅರ್ಧ ಜಾಗದಲ್ಲಿ ಗೋವಾ ಹೋಟೆಲಿನ ಆಫರ್ ಆರಾಮಾಗಿ ಕಾಲು ಚಾಚಿ ಮಲಗಿದೆ. ಅದರ ಒಂದಕ್ಷರವೂ ಕತ್ತರಿಸಿಲ್ಲ!

ಅಮ್ಮ ಮೊದಲನೇ ಸಾಲು ಒತ್ತಿದಳು. ನಾನಾಗಿದ್ದರೂ ಅದನ್ನೇ ಒತ್ತುತ್ತಿದ್ದೆ. ರಾತ್ರಿ 9.40ಕ್ಕೆ ಮಳೆಯಲ್ಲಿ, ಹಲಸಿನ ಹಪ್ಪಳದ ಚೀಲ ಸೆರಗಲ್ಲಿ ಮುಚ್ಚಿಕೊಂಡು ಬಸ್ ಸ್ಟ್ಯಾಂಡ್ ಎದುರು ನಿಂತಿದ್ದಾಳೆ. ಬಸ್ಸು ಇಲ್ಲ. ಮೊದಲಾದರೆ ಟಿಕೆಟ್ ತೆರೆದರೆ ಮೇಲೇ ಬಸ್ಸಿನವರ ನಂಬರ್ ಕಾಣುತ್ತಿತ್ತು. ಈಗ ಆ ಜಾಗದಲ್ಲಿ ‘ಸಹಾಯ’ ಅಂತ ಒಂದು ಗೊಂಬೆ. ಒತ್ತಿದರೆ ‘ನಮಸ್ಕಾರ, ನಿಮ್ಮ ಪ್ರಶ್ನೆ ಟೈಪ್ ಮಾಡಿ’ ಅನ್ನುತ್ತೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಚೀಲ, ಟೈಪ್ ಮಾಡುವುದು ಯಾವ ಕೈಯಲ್ಲಿ? ಕೊನೆಗೆ ನಾನು ಇಲ್ಲಿಂದ ಲಾಗಿನ್ ಆಗಿ ಆ ನಂಬರ್ ಹುಡುಕಿ ತೆಗೆದೆ. ನಾಲ್ಕು ಪರದೆ ಒಳಗಿತ್ತು. ಡ್ರೈವರ್ ಪುಣ್ಯಾತ್ಮ. “ಪೆಟ್ರೋಲ್ ಬಂಕ್ ಹತ್ರ ಇದೀವಿ ಮೇಡಂ, ಅಮ್ಮಂಗೆ ಆಟೋದಲ್ಲಿ ಬರೋಕೆ ಹೇಳಿ, ಕಾಯ್ತೀವಿ” ಅಂದರು. ಕಾದರು ಕೂಡ.

ಬಸ್ ಎಲ್ಲಿ ನಿಲ್ಲುತ್ತೆ? ಬಸ್ ಟಿಕೆಟ್ ಮಾರುವವನು ಬೇರೆ ಏನು ಹೇಳದಿದ್ದರೂ ಇದೊಂದನ್ನು ಹೇಳಬೇಕು, ಅಲ್ವಾ?

ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ ಫ್ರೀ ಇದೆಯಲ್ಲ ಅನ್ನಬೇಡಿ. 2023ರ ಜೂನ್‌ನಿಂದ ಇದೆ, ಅಮ್ಮ ಶಿವಮೊಗ್ಗಕ್ಕೆ ಅದರಲ್ಲೇ ಓಡಾಡುತ್ತಾಳೆ. ಆದರೆ ಶಕ್ತಿ ಯೋಜನೆ ಸ್ಲೀಪರ್‌ಗೆ ಅನ್ವಯಿಸಲ್ಲ. ರಾತ್ರಿಯಿಡೀ ಕೂತು ಬರಲು ಅವಳ ಸೊಂಟ ಒಪ್ಪಲ್ಲ.

ಸೊಂಟದ ಮಾತು ಬಂತು ಅಂತ ಹೇಳುತ್ತೇನೆ. ಈ ಆ್ಯಪ್ ವಯಸ್ಸು ಕೇಳುತ್ತೆ. 67 ಅಂತ ಹಾಕಿದ್ದಾಯಿತು. ಹಾಕಿದ ಮೇಲೂ ‘ಮೇಲಿನ ಬರ್ತ್ ತಗೊಳ್ಳಿ, 50 ರೂಪಾಯಿ ಉಳಿಸಿ’ ಅಂತ ಕುಣಿಯುತ್ತೆ. ಹಾಗಾದರೆ ವಯಸ್ಸು ಕೇಳಿದ್ದು ಯಾಕೆ, ಹುಟ್ಟುಹಬ್ಬಕ್ಕೆ ಕೇಕ್ ಕಳಿಸೋಕಾ? ನಮ್ಮ ರೈಲ್ವೆ ಸೈಟನ್ನು ಯಾರೂ ಚೆಂದ ಅಂದಿದ್ದು ನಾನು ಕೇಳಿಲ್ಲ. ಆದರೆ 45 ದಾಟಿದ ಹೆಂಗಸರಿಗೆ, 60 ದಾಟಿದ ಗಂಡಸರಿಗೆ ಕೆಳಗಿನ ಬರ್ತ್ ಖಾಲಿ ಇದ್ದರೆ ಕೇಳದೇ ಇದ್ದರೂ ಅದೇ ಕೊಡಲು ನೋಡುತ್ತೆ. ಬಣ್ಣದ ಕಾಗದ ಎರಚದೇ!

ಕನ್ನಡದ ಕಥೆ ಕೇಳಲೇಬೇಡಿ. ಕೂಪನ್ ಪಕ್ಕದ ಗುಂಡಿಯ ಮೇಲೆ ‘ಅರ್ಜಿ ಸಲ್ಲಿಸಿ’ ಅಂತಿದೆ, ಇಂಗ್ಲಿಷಿನ ‘ಅಪ್ಲೈ’ಗೆ ಕಣ್ಣುಮುಚ್ಚಿ ಮಾಡಿದ ಅನುವಾದ. ಅಮ್ಮ ಫೋನ್ ಮಾಡಿ, “ಎಂತಕ್ಕೆ ಅರ್ಜಿ ಮಾರಾಯ್ತಿ? ಬಸ್ಸಿಗೂ ತಾಲ್ಲೂಕು ಆಫೀಸಿಗೆ ಹೋಗ್ಬೇಕಾ?” ಅಂದಳು. ನಗು ಬಂತು. ಆಮೇಲೆ ನಾಚಿಕೆ ಆಯಿತು.

ನಾಚಿಕೆ ಯಾಕೆ ಅಂದರೆ, ಹಿಂದೆ ನಾನೂ ಇಂಥದೇ ಒಂದು ಕಂಪನಿಯಲ್ಲಿದ್ದೆ. ಬೇರೆ ಕಂಪನಿ. ಇನ್ಶೂರೆನ್ಸ್ ಬೇಡ ಅನ್ನುವವರಿಗೆ ‘ಬೇಡ, ನನ್ನ ಸುರಕ್ಷತೆ ನನಗೆ ಮುಖ್ಯವಲ್ಲ’ ಅಂತ ಒಂದು ಗುಂಡಿ ಇಟ್ಟಿದ್ದೆವು. ‘ಇಟ್ಟಿದ್ದೆವು’ ಏನು ಬಂತು, ಬರೆದವಳು ನಾನೇ. ಅವತ್ತು ಮೀಟಿಂಗಲ್ಲಿ ಚಪ್ಪಾಳೆ ಬಿತ್ತು. 2023ರ ನವೆಂಬರ್ ಕೊನೆಯಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಬಗ್ಗೆ ಮಾರ್ಗಸೂಚಿ ತಂತು. ಗ್ರಾಹಕರನ್ನು ಯಾಮಾರಿಸುವ 13 ಬಗೆಯ ಡಿಸೈನುಗಳ ಪಟ್ಟಿ ಅದರಲ್ಲಿದೆ. ಕೇಳದ ಐಟಂ ಬಿಲ್ಲಿಗೆ ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಹೀಗೆ. ಬೇಡ ಅಂದವರಿಗೆ ನಾಚಿಕೆ ಮಾಡಿಸುವುದೂ ಇದೆ. ಅದಕ್ಕೆ ಅವರು ಕೊಟ್ಟ ಉದಾಹರಣೆ ವಿಮಾನ ಟಿಕೆಟಿನ ಜೊತೆ ಇನ್ಶೂರೆನ್ಸ್ ತಗೊಳ್ಳದವರಿಗೆ ತೋರಿಸುವ ಸಾಲು. ಓದಿ, ಶಾಲೆಯ ಬೋರ್ಡಿನ ಮೇಲೆ ನನ್ನ ಹೆಸರು ಬರೆದಂತಾಯಿತು. ಪಕ್ಕದಲ್ಲಿ ಕೂತಿದ್ದ ಗಂಡನಿಗೂ ಹೇಳಲಿಲ್ಲ.

ಆದರೆ ಒಂದು ವಿಷಯ. ಆ ಪಟ್ಟಿಯಲ್ಲಿ ‘ಹತುವ ಸಳ’ ಇಲ್ಲ. ಇದು ಮೋಸ ಅಲ್ಲ ನೋಡಿ, ಬರೀ ಅಸಡ್ಡೆ. ಅಸಡ್ಡೆಗೆ ಯಾರೂ ನೋಟಿಸ್ ಕೊಡಲ್ಲ.

ಈಗ ನನ್ನ ಆಫೀಸಿನ ಗೆಳೆಯರು ಹೇಳುತ್ತಾರೆ, ಗೊತ್ತು. ನಿಮ್ಮಮ್ಮ ನಮ್ಮ ‘ಟಾರ್ಗೆಟ್ ಯೂಸರ್’ ಅಲ್ಲ, ಟಿಕೆಟ್ ಮಾಡುವವರೆಲ್ಲ ಹುಡುಗರು, ಟೆಸ್ಟ್ ಮಾಡಿ ನೋಡಿಯೇ ಬದಲಾಯಿಸಿದ್ದು, ಹೋಟೆಲ್ ಆಫರ್ ಇಲ್ಲದಿದ್ದರೆ ಸಂಬಳ ಎಲ್ಲಿಂದ ಬರಬೇಕು. ಸರಿ, ಸಂಬಳದ ಮಾತು ಒಪ್ಪಿದೆ. ನನಗೂ ಇಎಂಐ ಇದೆ. ಆದರೆ ಆ ಹುಡುಗರು ಮಾತ್ರ ಬಸ್ ಎಲ್ಲಿ ನಿಲ್ಲುತ್ತೆ ಅಂತ ಕನಸಲ್ಲಿ ಕಂಡು ಬರುತ್ತಾರಾ? ಮತ್ತೆ ಆ ಟೆಸ್ಟಿನ ಕಥೆ ನನಗೆ ಹೇಳಬೇಡಿ. ಅಮ್ಮ ನಿನ್ನೆ ಆ ಆ್ಯಪ್ ಒಳಗೆ 40 ನಿಮಿಷ ತಿಣುಕಿದ್ದಾಳೆ. ಆಫೀಸಿನ ದೊಡ್ಡ ಪರದೆಯಲ್ಲಿ ಅದು ‘ಗ್ರಾಹಕರು ನಮ್ಮ ಜೊತೆ ಹೆಚ್ಚು ಸಮಯ ಕಳೆಯುತ್ತಿದ್ದಾರೆ’ ಅಂತ ಹಸಿರು ಬಾಣವಾಗಿ ಮೇಲೇರಿರುತ್ತೆ. ಕೇಕ್ ಕತ್ತರಿಸಿರುತ್ತಾರೆ.

ಇಳಿಯುವ ಜಾಗದ್ದೂ ಅದೇ ಹಾಡು. ಮೊದಲು ಬಸ್ಸು ಬರುವ ದಾರಿಯ ಪ್ರಕಾರವೇ ಪಟ್ಟಿ ಇತ್ತು. ಜಾಲಹಳ್ಳಿ ಕ್ರಾಸ್, ಗೊರಗುಂಟೆಪಾಳ್ಯ, ಯಶವಂತಪುರ, ಕೊನೆಗೆ ಆನಂದರಾವ್ ಸರ್ಕಲ್. ಈಗ ‘ಜನಪ್ರಿಯ’ ಸ್ಥಳ ಮೊದಲು, ಉಳಿದವು ‘ಇನ್ನಷ್ಟು ನೋಡಿ’ ಒಳಗೆ. ಅಮ್ಮನಿಗೆ ಬೇಕಾದದ್ದು ಗೊರಗುಂಟೆಪಾಳ್ಯ. ಅಲ್ಲಿ ಇಳಿದರೆ ಪಕ್ಕದಲ್ಲೇ ಮೆಟ್ರೋ, ಹಸಿರು ಲೈನ್, ಬದಲಾಯಿಸುವ ಗೋಜಿಲ್ಲದೆ ಸೀದಾ ಬನಶಂಕರಿ. ಮನೆಯಿಂದ ನಾನು ನಡೆದು ಹೋಗಿ ಕರೆತರುತ್ತೇನೆ. ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಇಳಿಯುವವರಿಗೆ ದಾರಿಯ ಕ್ರಮ ಎಷ್ಟು ಮುಖ್ಯ ಅಂತ ರಾತ್ರಿ ಬಸ್ಸಲ್ಲಿ ಒಮ್ಮೆ ಬಂದವರಿಗೆ ಗೊತ್ತು. ಈ ಡಿಸೈನ್ ಮಾಡಿದವರು ಬಂದಿಲ್ಲ. ಬೆಟ್ ಕಟ್ಟುತ್ತೇನೆ.

ಅಂತೂ ಬೆಳಿಗ್ಗೆ ಬಂದು ತಲುಪಿದಳು. ಹಪ್ಪಳ ಒಂದೂ ಒದ್ದೆಯಾಗಿಲ್ಲ. ಕಾಫಿ ಕುಡಿದವಳೇ ವಾಪಸ್ ಟಿಕೆಟಿಗೆ ಊರಿನ ಏಜೆಂಟಿಗೆ ಫೋನ್ ಹಚ್ಚಿದಳು. ಸ್ಪೀಕರ್ ಹಾಕಿದ್ದಳು, ನಾನೂ ಕೇಳಿಸಿಕೊಂಡೆ. “ಯಾವತ್ತು ಹೊರಡದು ಅಮ್ಮ? ಗೊರಗುಂಟೆಪಾಳ್ಯದಲ್ಲೇ ಹತ್ತದಾ? ಕೆಳಗಿನದೇ ಹಾಕ್ತೆ, ಆತಾ?” ಅಂದರು. ಮೆಟ್ರೋ ಮೆಟ್ಟಿಲು ಇಳಿದು ಯಾವ ಕಡೆ ತಿರುಗಬೇಕು, ಏನು ನೋಡಿಕೊಂಡು ನಿಲ್ಲಬೇಕು ಅಂತಲೂ ಹೇಳಿದರು. ಡ್ರೈವರ್ ನಂಬರ್ ಅವತ್ತು ಸಂಜೆ ತಾವೇ ಫೋನ್ ಮಾಡಿ ಹೇಳುತ್ತಾರಂತೆ. ಎರಡು ನಿಮಿಷ ಆಗಿರಬಹುದು.

ಅವರ ಕಮಿಷನ್ 20 ರೂಪಾಯಿ. ನಾನು ಈಗಲೇ ಫೋನ್‌ಪೇ ಮಾಡ್ತೀನಿ ಅಂದೆ. ಬೇಡ, ಊರಿಗೆ ಹೋದಾಗ ಕೊಡ್ತೆ ಅಂದಳು. ಹಪ್ಪಳದ ಕಟ್ಟು ಬಿಚ್ಚುತ್ತಿದ್ದಾಳೆ.