ಹುಂಜದ ಪುಕ್ಕಕ್ಕೆ ರೇಟ್ ಇದೆ, ಆದರೆ ಆಳಂದದಲ್ಲಿ ಅಲ್ಲ

ನಾನಿರುವ ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಹಿತ್ತಲಲ್ಲಿ ಬಿದ್ದ ಕಾಗೆ ಪುಕ್ಕ ಎತ್ತಿಟ್ಟುಕೊಂಡರೂ ಕಾನೂನು ಮುರಿದ ಹಾಗೆ. 1918ರಲ್ಲಿ ಬಂದ ವಲಸೆ ಹಕ್ಕಿಗಳ ಕಾಯ್ದೆ ಅಷ್ಟು ಬಿಗಿ. ಸಾಕಿದ ಕೋಳಿಗೆ ಮಾತ್ರ ಆ ಕಟ್ಟುಪಾಡಿಲ್ಲ, ಅದಕ್ಕೇ ಇಲ್ಲಿ ಮನೆಯಲ್ಲಿ ಕೋಳಿ ಸಾಕುವವರಲ್ಲಿ ಕೆಲವರು ಮೊಟ್ಟೆ ಜೊತೆ ಪುಕ್ಕವನ್ನೂ ಮಾರುತ್ತಾರೆ. ಇದನ್ನು ಆಳಂದ ಕಡೆಯ ನಮ್ಮೂರಲ್ಲಿ ಹೇಳಿದರೆ ದೊಡ್ಡವ್ವ ನಂಬಲಿಲ್ಲ. "ಪುಕ್ಕ ಯಾರು ತಗೋತಾರೋ ತಮ್ಮಾ, ನಾಯಿ ಸುದ್ದಾ ಮೂಸಿ ನೋಡಂಗಿಲ್ಲ" ಅಂದಳು. ಅವಳ ಮಗ ಮಾತ್ರ ಅಂದಿನಿಂದ ಬಿಡದೆ ಫೋನ್ ಮಾಡುತ್ತಿದ್ದಾನೆ, ಅಣ್ಣಾ ಎಕ್ಸ್‌ಪೋರ್ಟ್ ಮಾಡೋಣ ಅಂತ. ಅವನಿಗೂ, ಅವನ ಹಾಗೆ ಲೆಕ್ಕ ಹಾಕುತ್ತಿರುವ ಉಳಿದವರಿಗೂ ಇದು.

ಮೊದಲು, ಇಲ್ಲಿ ಯಾರು ಕೊಳ್ಳುತ್ತಾರೆ? ಕಿವಿಯೋಲೆ ಮಾಡುವವರು, ಟೋಪಿಗೆ ಸಿಕ್ಕಿಸುವವರು ಇದ್ದಾರೆ. ಆದರೆ ನಿಜವಾದ ದುಡ್ಡು ಬರುವುದು ಮೀನು ಹಿಡಿಯುವವರಿಂದ. ಟ್ರೌಟ್ ಮೀನು ನೀರಿನ ಮೇಲೆ ಕೂತ ಹುಳ ನುಂಗುತ್ತದೆ, ಹಾಗಾಗಿ ಹುಳದಂತೆ ಕಾಣುವ ಗಾಳ ಕಟ್ಟಬೇಕು. ಹುಂಜದ ಕುತ್ತಿಗೆಯ ಸಪೂರ ಪುಕ್ಕ ತಗೊಂಡು ಕೊಕ್ಕೆಗೆ ಸುತ್ತಿದರೆ ಅದರ ಎಳೆಗಳು ಸುತ್ತಲೂ ಸೆಟೆದು ನಿಲ್ಲುತ್ತವೆ, ಆ ಎಳೆಗಳ ತುದಿಯ ಮೇಲೆ ಗಾಳ ತೇಲುತ್ತದೆ. ಹೇಂಟೆಯ ಪುಕ್ಕ ಮೆತ್ತಗೆ, ನೀರು ಕುಡಿದು ಮುಳುಗುತ್ತದೆ. ಅದಕ್ಕೂ ಗಿರಾಕಿ ಇದ್ದಾರೆ, ನೀರೊಳಗಿನ ಗಾಳಕ್ಕೆ. ತಮಾಷೆ ಏನಂದರೆ ಇಲ್ಲಿನ ಎಷ್ಟೋ ಊರುಗಳಲ್ಲಿ ಹೇಂಟೆ ಸಾಕಬಹುದು, ಹುಂಜ ಸಾಕುವ ಹಾಗಿಲ್ಲ, ಬೆಳಗಿನ ಜಾವ ಕೂಗುತ್ತದಲ್ಲ!

ಇನ್ನು ದೊಡ್ಡ ಮಟ್ಟದಲ್ಲಿ ಮಾರುವವರ ಜೊತೆ ಪೈಪೋಟಿ ಆಗುವ ಮಾತೇ ಅಲ್ಲ. ಇದೇ ರಾಜ್ಯದ ಡೆಲ್ಟಾ ಅನ್ನುವ ಊರಲ್ಲಿರುವ ವೈಟಿಂಗ್ ಫಾರ್ಮ್ಸ್‌ನವರು ಹುಂಜಗಳನ್ನು ಪುಕ್ಕಕ್ಕಾಗಿಯೇ ತಳಿ ಮಾಡಿ ಬೆಳೆಸುತ್ತಾರೆ, ಮಾಂಸಕ್ಕಲ್ಲ. ಉದ್ದ, ಸಪೂರ, ಒಂದೇ ಅಳತೆ. 2011ರಲ್ಲಿ ಇಲ್ಲಿನ ಹುಡುಗಿಯರು ತಲೆಗೂದಲಿಗೆ ಈ ಪುಕ್ಕ ಕಟ್ಟಿಕೊಳ್ಳಲು ಶುರು ಮಾಡಿ, ಗಾಳದ ಅಂಗಡಿಗಳಲ್ಲಿ ಪುಕ್ಕವೇ ಸಿಗದ ಹಾಗಾಗಿತ್ತು. ಆ ಹುಚ್ಚು ಬೇಗ ಇಳಿಯಿತು.

ಮನೆಯವರು ಮಾಡುವ ಕೆಲಸ ನೋಡಿದರೆ ನಮ್ಮವರು ಬೆರಗಾಗುತ್ತಾರೆ. ಪಕ್ಕದ ಮನೆಯಾಕೆ ಉದುರಿದ ಪುಕ್ಕವನ್ನು ಹಿಕ್ಕೆ ಮೆತ್ತುವ ಮೊದಲೇ ಆರಿಸುತ್ತಾಳೆ, ಹೇನು ಸಾಯಲಿ ಅಂತ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಡುತ್ತಾಳೆ, ಆಮೇಲೆ ಉಗುರು ಬೆಚ್ಚಗಿನ ಸೋಪಿನ ನೀರಲ್ಲಿ ತೊಳೆದು ಜಾಲರಿ ಚೀಲದಲ್ಲಿ ಒಣಗಿಸುತ್ತಾಳೆ, ಕೊನೆಗೆ ಕಪ್ಪು ಬಿಳಿ ಪಟ್ಟೆಯವು ಒಂದು ಕಡೆ, ಕೆಂದು ಬಣ್ಣದವು ಇನ್ನೊಂದು ಕಡೆ. ಇಷ್ಟೆಲ್ಲ ಮಾಡಿ ಬರುವುದು ಕಾಫಿ ಖರ್ಚು. ಕೂಲಿ ಲೆಕ್ಕ ಹಾಕಿದರೆ ನಷ್ಟವೇ, ಆಕೆಗೆ ಅದು ಹವ್ಯಾಸ.

ನಮ್ಮಲ್ಲಿ? ಕುದಿನೀರಿಗೆ ಅದ್ದಿ, ಕಿತ್ತು, ತಿಪ್ಪೆಗೆ. ಒಂದು ಪುಕ್ಕ ಮಾತ್ರ ಗೋಡೆ ಸಂದಿಗೆ ಸಿಕ್ಕಿಸಿ ಇಡುತ್ತಿದ್ದರು, ಕಿವಿ ತುರಿಸಿದಾಗ ಬೇಕಲ್ಲ. ಇದರಲ್ಲಿ ತಿಪ್ಪೆಗೆ ಹಾಕುವುದು ದಡ್ಡತನ ಅಂತ ನನಗೆ ಅನಿಸುವುದಿಲ್ಲ. ಪುಕ್ಕದಲ್ಲಿ ಶೇ 90ರ ಹತ್ತಿರ ಪ್ರೋಟೀನ್, ಅಂದರೆ ಸಾರಜನಕ ದಂಡಿಯಾಗಿದೆ. ಕೊಳೆಯಲು ತಿಂಗಳುಗಟ್ಟಲೆ ಬೇಕು, ಸಗಣಿ ಜೊತೆ ಒದ್ದೆ ಮಾಡಿ ಮುಚ್ಚಬೇಕು, ಅಷ್ಟೇ. ತಪ್ಪು ಏನಂದರೆ ಸುಡುವುದು, ಇಲ್ಲವೇ ಚಿಕನ್ ಅಂಗಡಿಯವರ ಹಾಗೆ ಚೀಲಗಟ್ಟಲೆ ನಾಲೆಗೆ ಸುರಿಯುವುದು.

ಇಲ್ಲಿಯವರಿಂದ ಕಲಿಯಬೇಕಾದ್ದು ಬೇರೆ ಇದೆ. ಪುಕ್ಕಕ್ಕೆ ಬೆಲೆ ಇರುವುದರಿಂದ ಅವರು ಕೋಳಿಯ ಮೈ ನೋಡುತ್ತಾರೆ. ನಾವು ಮೊಟ್ಟೆ ನೋಡುತ್ತೇವೆ, ತೂಕ ನೋಡುತ್ತೇವೆ. ಕೋಳಿ ಹಳೆ ಪುಕ್ಕ ಉದುರಿಸಿ ಹೊಸದು ತರುವಾಗ ಎರಡು ಮೂರು ತಿಂಗಳು ಮೊಟ್ಟೆ ನಿಲ್ಲುತ್ತದೆ. ಮೊದಲು ತಲೆ ಕುತ್ತಿಗೆ ಬೋಳಾಗಿ, ಆಮೇಲೆ ಎದೆ, ಕಡೆಗೆ ಬಾಲ. ಕೊಲೊರಾಡೊದಲ್ಲಿ ಹಗಲು ಕಿರಿದಾಗುವ ಸೆಪ್ಟೆಂಬರ್ ಹೊತ್ತಿಗೆ ಹೆಚ್ಚಿನವು ಒಟ್ಟಿಗೇ ಶುರು ಮಾಡುತ್ತವೆ, ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಕಡೆ ಹಗಲಿನಲ್ಲಿ ಅಷ್ಟು ಏರಿಳಿತ ಇಲ್ಲ, ಒಂದೊಂದು ಕೋಳಿ ಒಂದೊಂದು ಸಲ ಉದುರಿಸುತ್ತದೆ. ನಮ್ಮವರು "ಕೋಳಿಗೆ ರೋಗ ಬಂದದ" ಅಂತ ಸಂತೆಗೆ ಒಯ್ದು ಸಿಕ್ಕ ರೇಟಿಗೆ ಕೊಟ್ಟು ಬರುತ್ತಾರೆ. ಚಂದ ಮೊಟ್ಟೆ ಇಡುತ್ತಿದ್ದ ಜವಾರಿ ಕೋಳಿ ಹಾಗೆ ಹೋಗುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಹೊತ್ತಲ್ಲಿ ಇಲ್ಲಿಯವರು ಮೇವಿನ ಪ್ರೋಟೀನ್ ಶೇ 16ರಿಂದ 18–20ಕ್ಕೆ ಏರಿಸುತ್ತಾರೆ. ನಾವು ಬರೀ ಜೋಳದ ನುಚ್ಚು ಚೆಲ್ಲುತ್ತೇವೆ, ಅದೂ ಕಲಬುರಗಿಯಲ್ಲಿ, ಓಣಿಗೊಂದು ದಾಲ್ ಮಿಲ್ ಇರುವ ಊರಲ್ಲಿ! ತೊಗರಿ ನುಚ್ಚು ಒಳ್ಳೆಯದೇ, ಆದರೆ ಪುಕ್ಕ ಕಟ್ಟಲು ಬೇಕಾದ ಗಂಧಕದ ಅಂಶ ಬೇಳೆಕಾಳಲ್ಲಿ ಕಡಿಮೆ. ಅದು ಸೂರ್ಯಕಾಂತಿ ಹಿಂಡಿಯಲ್ಲಿ, ಎಳ್ಳಿನ ಹಿಂಡಿಯಲ್ಲಿ ಇರುತ್ತದೆ. ತೊಗರಿ ನುಚ್ಚು, ಹಿಂಡಿ ಎರಡೂ ಸೇರಿಸಿ ಹಾಕಿ. ಆಗ ಹೊಸ ಪುಕ್ಕದ ಮೊಳಕೆಯೊಳಗೆ ರಕ್ತ ಇರುತ್ತದೆ, ಮುಟ್ಟಿದರೆ ನೋಯುತ್ತದೆ, ಮಕ್ಕಳು ಸುಮ್ನೆ ಹಿಡಿದಾಡದಂತೆ ನೋಡಿಕೊಳ್ಳಿ.

ಒಂದು ವಿಷಯದಲ್ಲಿ ನಾವೇ ವಾಸಿ. ಹೇನಿಗೆ ಅಂತ ಇಲ್ಲಿ ಚೀಲಗಟ್ಟಲೆ ಬಿಳಿ ಮಣ್ಣಿನ ಪುಡಿ ಕೊಂಡು ತರುತ್ತಾರೆ. ನಮ್ಮಲ್ಲಿ ಒಲೆ ಬೂದಿ ಗುಂಡಿಗೆ ಹಾಕಿದರೆ ಕೋಳಿ ತಾನೇ ಹೊರಳಾಡುತ್ತದೆ.

ತಮ್ಮನ ಎಕ್ಸ್‌ಪೋರ್ಟ್ ವಿಷಯ. ಸಂಸ್ಕರಿಸದ ಪುಕ್ಕವನ್ನು ಇನ್ನೊಂದು ದೇಶಕ್ಕೆ ಕಳಿಸುವುದಕ್ಕೆ ಹಕ್ಕಿಜ್ವರದ ಭಯದಿಂದ ನೂರೆಂಟು ನಿರ್ಬಂಧ. ನವಿಲುಗರಿಯಂತೂ ತಾನಾಗಿ ಉದುರಿದ್ದಾದರೂ ದೇಶದ ಹೊರಗೆ ಮಾರುವ ಹಾಗಿಲ್ಲ. ಶಟಲ್ ಕಾಕ್ ಮಾಡೋಣವಾ ಅಂತಲೂ ಕೇಳಿದ. ಅದಕ್ಕೆ ಬೇಕಾದ್ದು ಬಾತು, ಹೆಬ್ಬಾತಿನ ರೆಕ್ಕೆಯ ಗರಿ, ಒಂದಕ್ಕೆ 16. ಪಶ್ಚಿಮ ಬಂಗಾಳದ ಉಲುಬೇರಿಯಾದಲ್ಲಿ ಆ ಕಸುಬು ಇದೆ, ಕೋಳಿ ಪುಕ್ಕ ಅಲ್ಲಿ ನಡೆಯುವುದಿಲ್ಲ. ಅವನಿಗೆ ನಾನು ಹೇಳಿದ್ದು ಇಷ್ಟೇ: ಕೋಳಿಯನ್ನು ಸಂತೆಗೆ ಒಯ್ಯುವ ಮೊದಲು ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡು. ಬುಡದಲ್ಲಿ ಬಿಳಿ ಗಂಟು ಗಂಟಾಗಿದ್ದರೆ ಹೇನಿನ ಮೊಟ್ಟೆ, ಮದ್ದು ಹಾಕು. ಹೊಸ ಮೊಳಕೆ ಕಂಡರೆ ವಾಪಸ್ ಬುಟ್ಟಿಗೆ ಹಾಕು, ಹಿಂಡಿ ತಿನ್ನಿಸು.