ಮಾತ್ರೆ ನಿಲ್ಲಿಸಿದ ತಮ್ಮ

ಹೋದ ಭಾನುವಾರ ಹಾಸನದಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣ, ಕೊಲೆಸ್ಟ್ರಾಲ್ ನಾರ್ಮಲ್ ಬಂತು. ಮಾತ್ರೆ ನಿಲ್ಲಿಸಿಬಿಟ್ಟೆ. ಅದು ಲಿವರ್ ಹಾಳು ಮಾಡುತ್ತಂತೆ." ಖುಷಿಯಿಂದಲೇ ಹೇಳಿದ. ನನ್ನ ಎದೆ ಧಸಕ್ಕೆಂದಿತು. ಅಪ್ಪ ಹೃದಯಾಘಾತದಲ್ಲಿ ಹೋದಾಗ 54 ವರ್ಷ. ತಮ್ಮನಿಗೀಗ 46.

ನಾನಿರುವುದು ವೇಲ್ಸ್‌ನ ಕಾರ್ಡಿಫ್‌ನಲ್ಲಿ. ಮೂರು ವರ್ಷದ ಹಿಂದೆ ನನಗೂ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ, ಅಟೋರ್ವಾಸ್ಟಾಟಿನ್ 20 ಮಿಲಿಗ್ರಾಂ ಬರೆದರು. ಜೊತೆಗೆ ಫ್ಯಾಟಿ ಲಿವರ್, ಅಂದರೆ ಲಿವರಿನಲ್ಲಿ ಕೊಬ್ಬು ಸೇರಿದೆ ಅಂದರು. ಒಂದು ತೊಟ್ಟೂ ಕುಡಿಯದವನಿಗೆ ಇದೇನು ಅಂತ ಹೆದರಿದ್ದೆ. ಲಿವರ್ ಹಾಳಾಗಲ್ವಾ ಅಂತ ನಾನೂ ಕೇಳಿದೆ. ಔಷಧಿ ಅಂಗಡಿಯ ಫಾರ್ಮಸಿಸ್ಟ್ ಪಕ್ಕದ ಪುಟ್ಟ ಕೋಣೆಗೆ ಕರೆದು ಕೂರಿಸಿದರು. ಕೊಲೆಸ್ಟ್ರಾಲನ್ನು ಜಾಸ್ತಿ ತಯಾರಿಸುವುದೇ ಲಿವರ್, ಮಾತ್ರೆ ಆ ಕೆಲಸವನ್ನು ತಗ್ಗಿಸುತ್ತದೆ, ಬಿಟ್ಟರೆ ಮತ್ತೆ ಏರುತ್ತದೆ ಅಂದರು. ಫ್ಯಾಟಿ ಲಿವರ್ ಇದ್ದರೂ ತಗೊಳ್ಳಬಹುದು. ಮೂರು ತಿಂಗಳೊಳಗೆ ಒಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ಲಿವರ್ ರಕ್ತಪರೀಕ್ಷೆ. ಅದರಲ್ಲಿ ಅಳೆಯುವ ಎಎಲ್‌ಟಿ ಎಂಬ ಲಿವರ್ ಕಿಣ್ವ ಮಾಮೂಲಿ ಮಿತಿಯ ಮೂರು ಪಟ್ಟು ದಾಟಿದರೆ ಮಾತ್ರ ಲಿವರಿನ ಕಾರಣಕ್ಕೆ ನಿಲ್ಲಿಸುವ ಮಾತು. ಗ್ರೇಪ್‌ಫ್ರೂಟ್ ಜ್ಯೂಸ್ ಬೇಡ ಅಂದಾಗ ನನಗೆ ದೇವನಹಳ್ಳಿ ಚಕ್ಕೋತ ನೆನಪಾಯಿತು. ಗ್ರೇಪ್‌ಫ್ರೂಟ್ ಹುಟ್ಟಿದ್ದೇ ಚಕ್ಕೋತದಿಂದ, ಅದನ್ನೂ ದೂರ ಇಡಿ ಅಂದರು.

ನರ್ಸ್ ಇನ್ನೂ ಮುಂದೆ ಹೋದರು. ಸಾಂಬಾರಿಗೆ ಕಾಯಿ ಎಷ್ಟು, ಅನ್ನ ಎಷ್ಟು ಸೌಟು, ತುಪ್ಪ ದಿನಾ ಬೇಕೇ ಅಂತ ಒಂದೊಂದಾಗಿ ಕೇಳಿದರು. ಮೈತೂಕದ ಹತ್ತರಲ್ಲಿ ಒಂದು ಪಾಲು ಇಳಿಸಿದರೆ ಲಿವರಿನ ಕೊಬ್ಬು ಚೆನ್ನಾಗಿ ಕರಗುತ್ತದೆ ಅಂತ ಗುರಿ ಕೊಟ್ಟರು. ನಾನು ವರ್ಷದಲ್ಲಿ ಏಳು ಕಿಲೋ ಇಳಿದೆ.

ತಮ್ಮನಿಗೆ ಸಿಕ್ಕಿದ್ದು ಎರಡು ನಿಮಿಷ, "ಎಣ್ಣೆ ಕಮ್ಮಿ ಮಾಡಿ" ಅನ್ನುವ ಒಂದು ಮಾತು. ಹೀಗೆ ಕಳಿಸಿದರೆ ಮಿಕ್ಕಿದ್ದನ್ನು ಪಕ್ಕದ ಮನೆಯವರೇ ಹೇಳಿಕೊಡ್ತಾರೆ, ಅಲ್ವಾ? ಈಗ ಲಿವರ್ ಉಳಿಸಲು ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕುಡಿಯುತ್ತಿದ್ದಾನೆ. ಕೊರೊನಾ ಸಮಯದಲ್ಲಿ ಅದನ್ನೇ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಕೇಂದ್ರದ ಆಯುಷ್ ಸಚಿವಾಲಯ ಒಪ್ಪಲಿಲ್ಲ. ನನಗಂತೂ ಆ ಕಷಾಯದ ಮೇಲೆ ನಂಬಿಕೆ ಇಲ್ಲ. ಡಾಕ್ಟರ್ ಬರೆದ ಮಾತ್ರೆಗೆ ಹೆದರಿ, ಲೆಕ್ಕವಿಲ್ಲದ ಬಳ್ಳಿಯ ರಸಕ್ಕೆ ಹೆದರದಿರುವುದು ನನಗೆ ಸಹಿಸಲಾಗದು.

ಹಾಗಂತ ಇಲ್ಲಿ ಎಲ್ಲವೂ ಸಲೀಸಲ್ಲ. ನನ್ನ ರಕ್ತಪರೀಕ್ಷೆಗೆ ಮೂರು ವಾರ ಕಾದೆ. ತಮ್ಮ ಬೆಳಿಗ್ಗೆ ಏಳಕ್ಕೆ ರಕ್ತ ಕೊಟ್ಟರೆ ಮಧ್ಯಾಹ್ನ ರಿಪೋರ್ಟ್ ಮೊಬೈಲಿಗೆ ಬರುತ್ತದೆ. ಸಂಜೆಗೆ ಐವತ್ತು ಜನರನ್ನು ನೋಡುವ ಡಾಕ್ಟರ್ ತಾನೇ ಎಷ್ಟು ಹೊತ್ತು ಕೂತು ಮಾತಾಡಿಯಾರು? ವೇಲ್ಸ್‌ನಲ್ಲಿ 2007ರಿಂದ ಮಾತ್ರೆಗೆ ದುಡ್ಡಿಲ್ಲ, ಅವನು ತಿಂಗಳು ತಿಂಗಳು ಕೊಡಬೇಕು. ನರ್ಸ್ ಹೇಳಿದ ಊಟ, ಕಾಳು, ಸೊಪ್ಪು, ಅಮ್ಮನ ರಾಗಿಮುದ್ದೆ, ಹುರುಳಿ ಸಾರು, ಎಲ್ಲ ಅವನ ಮನೆಯಲ್ಲೇ ಇದೆ. ನಾನಿಲ್ಲಿ ಡಬ್ಬಿಯ ಓಟ್ಸ್ ಅಳೆದು ತಿನ್ನುತ್ತೇನೆ.

ಗುರುವಾರ ಡಾಕ್ಟರ್ ಹತ್ತಿರ ಮತ್ತೆ ಹೋಗ್ತೀನಿ ಅಂದಿದ್ದಾನೆ. ಕೇಳಬೇಕಾದ ಮೂರು ಪ್ರಶ್ನೆ ಬರೆದು ವಾಟ್ಸಾಪ್ ಮಾಡಿದ್ದೇನೆ.